ತಲೆದಿಕ್ಕಿನ ಎರಡು ಇಟ್ಟಿಗೆ

ನಾಲ್ಕನೆಯ ಹಸಿಮೆಣಸೂ ಮೋಸ ಮಾಡಿತು.

ಕಮಲಾಕ್ಷ ಅದನ್ನು ತೊಟ್ಟಿನವರೆಗೆ ಅಗಿದು, ಬೀಜ ಸಮೇತ ನುಂಗಿ, ಎರ್ನಾಕುಲಂ ಸ್ಟೇಷನ್ನಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕಣ್ಣುಮುಚ್ಚಿ ಕಾದ. ನಾಲಗೆ ಉರಿಯಿತು. ಮೂಗು ಸೋರಿತು. ಕಿವಿಯ ಹಾಲೆಗಳು ಕೆಂಡವಾದವು. ಎಲ್ಲಿ ಉರಿಯಬೇಕೋ ಅಲ್ಲಿ ಮಾತ್ರ, ಎದೆಗೂಡಿನ ನಟ್ಟನಡುವೆ, ಭಾನುವಾರದ ಕಚೇರಿಯಂಥ ಶಾಂತಿ.

"ಇನ್ನೊಂದು ಬೇಕೋ ಸಾರೇ?" ಅಂಗಡಿಯವನು ದೂರದಿಂದಲೇ ಕೇಳಿದ. ಬೆಳಗಿನ ಐದು ಗಂಟೆಗೆ ಬರಿಯ ಮೆಣಸು ತಿನ್ನುವ ಗಿರಾಕಿಯನ್ನು ಅವನ ಅಜ್ಜನೂ ಕಂಡಿರಲಾರ.

"ಕಟ್ಟಂ ಕಾಪಿ ಕೊಡು. ಹಾಲು ಬೇಡ. ಸಕ್ಕರೆಯೂ ಬೇಡ."

ಕರಿಯ ಕಾಫಿ ಬಂತು. ಅದೂ ಇಳಿಯಿತು. ಏನೂ ಆಗಲಿಲ್ಲ.

ಇದು ಶುದ್ಧ ಅನ್ಯಾಯ. ಅವನದು ಬೀದಿಬದಿಯ ಎದೆಯುರಿಯಾಗಿರಲಿಲ್ಲ. ಕೇರಳದ ಆ ತುದಿ ಮಂಜೇಶ್ವರದಿಂದ ಈ ತುದಿ ಪಾರಶ್ಶಾಲೆಯವರೆಗೆ ಹುಡುಕಿದರೂ ಅಂಥ ಇನ್ನೊಂದು ಉರಿ ಸಿಗುತ್ತಿರಲಿಲ್ಲ. ಕೇರಳ ರಾಜ್ಯಕ್ಕಿಂತ ಅದಕ್ಕೆ ಮೂರು ತಿಂಗಳು ಹೆಚ್ಚು ವಯಸ್ಸು. ಕೊಳವೆ ಹಾಕಿ ಅದನ್ನು ಹೊರಗೆ ತರುವ ಹಾಗಿದ್ದರೆ ಕೊಚ್ಚಿ ಬಂದರಿನ ಮೂರು ಹಡಗುಗಳು ಕಲ್ಲಿದ್ದಲಿಲ್ಲದೆ ಕೊಲಂಬೊ ಮುಟ್ಟುತ್ತಿದ್ದವು. ಅವನು ಒಂದು ಸಲ ಹುಳಿತೇಗು ತೇಗಿದರೆ ಮೇಜಿನ ಮೇಲಿನ ಹಿತ್ತಾಳೆಯ ಮಸಿಕುಡಿಕೆ ಹುಣಸೆಹುಳಿಯಲ್ಲಿ ತಿಕ್ಕಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ರಾತ್ರಿಯಂತೂ ಅವನ ಉಸಿರಿಗೆ ಸೊಳ್ಳೆಗಳು ಸತ್ತು ಬಿದ್ದಿದ್ದವು. ಬೆಳಗ್ಗೆ ಎಣಿಸಿದಾಗ ನಲವತ್ತಮೂರು.

ಇವಿಷ್ಟೂ ಅವನು ಹೆಂಡತಿಗೆ ಬರೆದ ಪತ್ರಗಳಲ್ಲಿ ದಾಖಲಾಗಿದ್ದವು.

ಎರ್ನಾಕುಲಂನ ಹೈಕೋರ್ಟಿನ ಭಾಷಾಂತರ ವಿಭಾಗದಲ್ಲಿ ಅವನ ಕೆಲಸ ಅದರ ತದ್ವಿರುದ್ಧ. ಕಾಸರಗೋಡಿನಿಂದ ಬರುವ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ತರಬೇಕು. ಇದ್ದದ್ದು ಇದ್ದ ಹಾಗೆ. ಒಂದು ಪದ ಹೆಚ್ಚಲ್ಲ, ಒಂದು ಪದ ಕಡಿಮೆಯಲ್ಲ. ಹಲಸಿನ ಮರ ಎಂದರೆ ಹಲಸಿನ ಮರ. ದೊಡ್ಡ ಮರ ಎನ್ನುವ ಅಧಿಕಾರ ಅವನಿಗಿಲ್ಲ. ಹಗಲೆಲ್ಲ ಕೈಯಲ್ಲೇ ಉಳಿದುಹೋದ ವಿಶೇಷಣಗಳನ್ನು ಸಂಜೆಗೆ ಎಲ್ಲಿಯಾದರೂ ಸುರಿಯಲೇಬೇಕಿತ್ತು.

ಸುರಿಯಲು ಹೆಂಡತಿ ಸೌದಾಮಿನಿ ಇದ್ದಳು. ಅವಳು ತಿರುವನಂತಪುರದಲ್ಲಿದ್ದಳು. ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿಯ ಶಾಲೆಗಳಿಗೆ ಕನ್ನಡ ಪಾಠಪುಸ್ತಕಗಳು ಬೇಕಾದವು. ಪುಸ್ತಕದ ಕರಡು ತಿದ್ದಲು ಕನ್ನಡ ಬಲ್ಲವರು ಬೇಕಾದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳನ್ನು ಎತ್ತಿ ತಂದು ಅಲ್ಲಿ ಕೂರಿಸಿದರು. ಆರು ತಿಂಗಳಿಗೆ ಎಂದರು. ಎರಡು ವರ್ಷ ಕಳೆದಿತ್ತು.

ಪ್ರತಿ ಗುರುವಾರ ಅವಳ ಪತ್ರ ಬರುತ್ತಿತ್ತು. ಪ್ರತಿ ಪತ್ರದಲ್ಲೂ ಒಂದು ಮದ್ದು. ಕೊತ್ತಂಬರಿ ನೆನೆಸಿದ ನೀರು. ಬೂದುಕುಂಬಳದ ರಸ. ಜ್ಯೇಷ್ಠಮಧು. ತಣ್ಣಗಿನ ಹಾಲು. ಅರಳಿನ ಗಂಜಿ. ಖಾಲಿ ಹೊಟ್ಟೆಗೆ ಬೊಂಡದ ಎಳನೀರು. ಬೊಂಡ ಸಿಗದಿದ್ದರೆ ಬಾಳೆದಿಂಡು. ಕ್ಷೇಮ, ಕ್ಷೇಮವೇ, ಮದ್ದು, ಇಂತಿ. ಒಮ್ಮೆ ಅವನು ಧೈರ್ಯ ಮಾಡಿ, ಕಾಯಲಿನ ಹಿನ್ನೀರಿನ ಮೇಲೆ ಬೆಳದಿಂಗಳು ಬಿದ್ದದ್ದನ್ನು ನೋಡಿ ನಿನ್ನ ನೆನಪಾಯಿತು ಎಂದು ಬರೆದಿದ್ದ. ಮುಂದಿನ ಗುರುವಾರ ಉತ್ತರ ಬಂತು: ಹೊರಗೆ ಕೂತುಕೊಳ್ಳಬೇಡಿ, ಶೀತ ಆಗ್ತದೆ. ಜೀರಿಗೆ ಹುರಿದು ಕುದಿಸಿ ಕುಡಿಯಿರಿ.

ಅವನು ಮತ್ತೆ ಬೆಳದಿಂಗಳ ಸುದ್ದಿಗೆ ಹೋಗಲಿಲ್ಲ.

ಆಗಸ್ಟಿನ ಒಂದು ಗುರುವಾರ ಅವಳು ಬರೆದದ್ದು ತೀರ ಸಪ್ಪೆಯ ಮದ್ದು. ಮಂಚದ ತಲೆದಿಕ್ಕಿನ ಎರಡು ಕಾಲುಗಳ ಅಡಿಗೆ ಒಂದೊಂದು ಇಟ್ಟಿಗೆ ಇಡಿ. ಕತ್ತಲಾದ ಮೇಲೆ ಊಟ ಮಾಡಬೇಡಿ. ಅಷ್ಟೇ. ಅವನು ಇಟ್ಟ. ಕೋಣೆಯ ಜೊತೆಗಾರ ದಾಮೋದರ, ಕೋರ್ಟಿನಲ್ಲಿ ಟೈಪಿಸ್ಟು, ನಕ್ಕು ನಕ್ಕು ಸುಸ್ತಾದ. "ಎಂತ ಮಾರಾಯ, ನೀನು ಮಲಗುವುದಾ, ಜಾರುಬಂಡಿ ಆಡುವುದಾ?"

ಎಂಟನೆಯ ದಿನ ಉರಿ ಹೋಯಿತು.

ಅವನು ನಂಬಲಿಲ್ಲ. ಹತ್ತು ದಿನ, ಹದಿನೈದು ದಿನ ಕಾದ. ಇಲ್ಲ. ಮೂರು ಹಡಗಿನ ಉರಿ ಎರಡು ಇಟ್ಟಿಗೆಗೆ ಸೋತು ಹೋಗಿತ್ತು. ಅವಳಿಗೆ ತಿಳಿಸಬೇಕೆಂದು ಕಾಗದ ಎದುರಿಟ್ಟು ಕೂತ. 'ಉರಿ ಗುಣವಾಯಿತು' ಎಂದು ಬರೆದರೆ, ಅದರ ಕೆಳಗೆ ಬರೆಯಲು ಏನಿದೆ ಎಂದು ಯೋಚಿಸಿದ. ತುಂಬ ಹೊತ್ತು ಯೋಚಿಸಿದ. ಆಮೇಲೆ ಬರೆದ: ಇಟ್ಟಿಗೆಯಿಂದ ಏನೂ ಪ್ರಯೋಜನವಾಗಲಿಲ್ಲ. ಉರಿ ಮೊದಲಿಗಿಂತ ಹೆಚ್ಚು.

ಮುಂದಿನ ಗುರುವಾರ ಪತ್ರ ಬಂತು. ಒಣಶುಂಠಿ.

ಹೀಗೆ ನಾಲ್ಕು ತಿಂಗಳು ಸುಖವಾಗಿ ಕಳೆದವು. ಕಳೆದ ವಾರದ ಪತ್ರದಲ್ಲಿ ಮದ್ದಿನ ಕೆಳಗೆ ಐದು ಸಾಲು ಹೆಚ್ಚಿದ್ದವು. ಎರ್ನಾಕುಲಂನ ಶಿಕ್ಷಣ ಕಚೇರಿಯಲ್ಲಿ ಒಂದು ಗುಮಾಸ್ತೆಯ ಜಾಗ ಖಾಲಿಯಾಗಿದೆ. ಗಂಡನಿಗೆ ಕಾಯಿಲೆ, ನೋಡಿಕೊಳ್ಳಲು ಬೇರೆ ಜನವಿಲ್ಲ ಎಂದಾದರೆ ವರ್ಗ ಸಿಗುತ್ತದೆ. ಸರಕಾರಿ ಡಾಕ್ಟರ ಸರ್ಟಿಫಿಕೇಟು ಬೇಕು. ಅರ್ಜಿ ಸೋಮವಾರ ಮೇಲಕ್ಕೆ ಹೋಗಬೇಕು. ಶನಿವಾರ ಮೂರು ಗಂಟೆಗೆ ಡಾಕ್ಟರು ನೋಡುತ್ತಾರೆ, ಬರುವುದಾದರೆ ಬನ್ನಿ.

ಇವತ್ತು ಶನಿವಾರ. ಇವತ್ತು ಮೂರು ಗಂಟೆಯ ಒಳಗೆ ಅವನ ಎದೆ ಉರಿಯಲೇಬೇಕಿತ್ತು.

*

ರೈಲಿನಲ್ಲಿ ಅವನು ಕಾಗದದ ಪೊಟ್ಟಣ ಬಿಚ್ಚಿ ಮಾವಿನಮಿಡಿ ಉಪ್ಪಿನಕಾಯಿ ತಿನ್ನತೊಡಗಿದ. ಎದುರಿಗೆ ಬಿಳಿಯ ಚಟ್ಟೆ ತೊಟ್ಟು ಮುಂಡು ಉಟ್ಟ ಆಲುವದ ಒಬ್ಬ ಮುದುಕಿ, ಕ್ರೈಸ್ತರ ಅಮ್ಮಚ್ಚಿ. ಕಿವಿಯಲ್ಲಿ ಚಿನ್ನದ ದೊಡ್ಡ ಬಳೆ. ಆ ಬಳೆಯೊಳಗಿಂದ ರೈಲೇ ತೂರಿ ಹೋಗುವಷ್ಟು ದೊಡ್ಡದು. ಮೂರನೆಯ ಮಿಡಿಗೆ ಅವಳ ತಾಳ್ಮೆ ಮುಗಿಯಿತು.

"ಮೋನೇ, ಬೆಳಬೆಳಗ್ಗೆ ಬರಿಯ ಉಪ್ಪಿನಕಾಯಿಯೇ?"

"ಹೊಟ್ಟೆ ಸರಿಯಿಲ್ಲ, ಅಮ್ಮಚ್ಚಿ."

"ಸರಿಯಿಲ್ಲದ ಹೊಟ್ಟೆಗೆ ಉಪ್ಪಿನಕಾಯಿಯೇ?"

ಅವನು ಕಿಟಕಿಯ ಹೊರಗೆ ನೋಡಿದ. ತೆಂಗು, ನೀರು, ತೆಂಗು.

"ಎದೆ ಉರಿ," ಎಂದ. ಆಡಿದ ಮೇಲೆ ಆಡಬಾರದಿತ್ತು ಎನ್ನಿಸಿತು.

ಏಟ್ಟುಮಾನೂರು ದಾಟುವಷ್ಟರಲ್ಲಿ ಡಬ್ಬಿಗೆ ಡಬ್ಬಿಯೇ ವೈದ್ಯಶಾಲೆಯಾಗಿತ್ತು. ಒಬ್ಬ ಸಂಭಾರ ಎಂದ. ಮಜ್ಜಿಗೆಗೆ ಶುಂಠಿ, ಕರಿಬೇವು ಜಜ್ಜಿ ಹಾಕಬೇಕು. ಇನ್ನೊಬ್ಬ ಮಜ್ಜಿಗೆ ವಿಷ ಎಂದ. ಊಟದ ಮೇಲೆ ಎರಡು ಲವಂಗ. ಮೂರನೆಯವನ ಭಾವಮೈದುನ ನೆಲ್ಲಿಕಾಯಿ ತಿಂದು ಎದ್ದು ಕೂತಿದ್ದ, ಅದೂ ಶವಪೆಟ್ಟಿಗೆ ತಂದ ಮೇಲೆ. ಇಬ್ಬರು ಲವಂಗದ ವಿಷಯದಲ್ಲಿ ಕೈ ಎತ್ತುವವರೆಗೆ ಹೋದರು. ಯಾರೂ ಕಮಲಾಕ್ಷನ ಕಡೆ ನೋಡುತ್ತಿರಲಿಲ್ಲ. ಅವನು ಇದ್ದದ್ದು ಉರಿಯ ಪೊಟ್ಟಣದ ಹಾಗೆ, ಬೆಂಚಿನ ತುದಿಗೆ.

ಅಮ್ಮಚ್ಚಿ ತನ್ನ ಸೊಂಟದ ಸಂಚಿಯಿಂದ ಅಯಮೋದಕ ತೆಗೆದಳು. ಓಮದ ಕಾಳು.

"ಬಾಯಿ ತೆರೆ."

"ಬೇಡ ಅಮ್ಮಚ್ಚಿ, ಆಮೇಲೆ ತಿನ್ನುತ್ತೇನೆ."

"ಆಮೇಲೆ ಕೋಟ್ಟಯಂ ಬರುತ್ತೆ, ನಾನು ಇಳಿಯುತ್ತೇನೆ. ತೆರೆ." ತುರುಕಿಯೇಬಿಟ್ಟಳು. "ಹೆಂಡತಿ ಇಲ್ಲವೋ?"

"ಇದ್ದಾಳೆ."

"ಎಲ್ಲಿ?"

"ತಿರುವನಂತಪುರದಲ್ಲಿ."

"ನೀನು?"

"ಎರ್ನಾಕುಲಂನಲ್ಲಿ."

ಅಮ್ಮಚ್ಚಿ ಇಡೀ ಡಬ್ಬಿಗೆ ತೀರ್ಪು ಕೊಟ್ಟಳು. "ಅದಕ್ಕೇ ಉಪ್ಪಿನಕಾಯಿ."

ಅವನು ಓಮವನ್ನು ನಾಲಗೆಯ ಅಡಿಗೆ ಇಟ್ಟುಕೊಂಡಿದ್ದು, ಅವಳು ಇಳಿದ ಕೂಡಲೇ ಕಿಟಕಿಯಿಂದ ಉಗಿದ. ಆದರೂ ಅಂಜಿಕೆಯಾಯಿತು. ಒಂದೆರಡು ಹನಿ ರಸ ಒಳಗೆ ಹೋಗಿರಬಹುದು. ಅಷ್ಟು ಸಾಕು, ಮಾಡಿದ್ದೆಲ್ಲ ಹಾಳಾಗಲು. ಕೋಟ್ಟಯಂ ಸ್ಟೇಷನ್ನಿನಲ್ಲಿ ಬೇಳೆಯ ಮೂರು ಪರಿಪ್ಪುವಡೆ ತಿಂದ, ಎಣ್ಣೆ ತೊಟ್ಟಿಕ್ಕುವಂಥವು. ಕೊಲ್ಲಂನಲ್ಲಿ ಮತ್ತೆರಡು, ಮತ್ತೊಂದು ಕಟ್ಟಂ ಕಾಪಿ. ತಿಂದು ಬೆನ್ನು ಬಾಗಿಸಿ ಕೂತ. ಹಾಗೆ ಕೂರಬಾರದೆಂದು ಸೌದಾಮಿನಿ ಮೂರು ಸಲ ಬರೆದಿದ್ದಳು.

ಉರಿ ಬರಲಿಲ್ಲ.

ಬಂದಿದ್ದರೆ ಹೇಗಿರುತ್ತಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಇದು ಇನ್ನೂ ವಿಚಿತ್ರವಾಗಿತ್ತು. ಎರಡು ವರ್ಷ ಹೊತ್ತ ಉರಿಯ ಗುರುತು ಮೈಯಲ್ಲಿ ಎಲ್ಲೂ ಉಳಿದಿರಲಿಲ್ಲ. ನೆನಪಾದದ್ದು ಅದರ ಬಗ್ಗೆ ತಾನು ಬರೆದ ವಾಕ್ಯಗಳು ಮಾತ್ರ. ಮಸಿಕುಡಿಕೆ. ಹಡಗು. ನಲವತ್ತಮೂರು ಸೊಳ್ಳೆ.

*

ಸೌದಾಮಿನಿ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಕೊಡೆ ಹಿಡಿದು ನಿಂತಿದ್ದಳು. ಬಲಗೈಯ ತೋರುಬೆರಳಿನ ತುದಿಗೆ ಕೆಂಪು ಮಸಿ.

"ಬಂದಿರಾ?"

"ಬಂದೆ."

"ರೈಲು ಹೊತ್ತಿಗೆ ಸರಿಯಾಗಿ ಬಂತು."

"ಬಂತು."

"ಉರಿ?"

"ಉಂಟು."

"ಈಗಲಾ?"

"ಈಗ... ಏಳ್ತಾ ಉಂಟು."

ಅವಳು ಅವನ ಮುಖವನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು, ಅಕ್ಷರ ಬಿಟ್ಟುಹೋಗಿದೆಯೇ ಎಂದು ಸಾಲು ನೋಡುವ ಹಾಗೆ. ತಿರುಗಿ ಮುಂದೆ ನಡೆದಳು. ಮನೆಗೆ ಹೋಗುವ ಶ್ರೀಕಾರ್ಯಂ ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ಎರಡೂ ಬದಿಗೆ ಮರಗೆಣಸಿನ ಗದ್ದೆ. ಅವಳ ಕುತ್ತಿಗೆಯ ಹಿಂಭಾಗವನ್ನು ನೋಡುತ್ತ ಅವನು ಎಡಗೈಯಿಂದ ಎದೆಯನ್ನು ಒತ್ತಿಕೊಂಡೇ ಕೂತ, ಯಾಕೆಂದರೆ ಅವಳು ತಿರುಗಿ ನೋಡಬಹುದಿತ್ತು. ಅವಳು ನೋಡಲಿಲ್ಲ.

ಮನೆ ಎಂದರೆ ಎರಡು ಕೋಣೆ. ಜೊತೆಯಲ್ಲಿರುವವಳು ದಾಕ್ಷಾಯಣಿ, ಅದೇ ಕಚೇರಿಯಲ್ಲಿ ಮೇಲಿನವಳು, ಊರು ಕುಂಬಳೆ, ವಿಧವೆ. ನಾಲಗೆ ಹರಿತ.

"ಬನ್ನಿ ಬನ್ನಿ, ಉರಿಯಣ್ಣ! ಬಾಗಿಲಿಂದ ಸ್ವಲ್ಪ ದೂರ ನಿಲ್ಲಿ, ಇದು ಹುಲ್ಲು ಹೊದಿಸಿದ ಮಾಡು."

"ದಾಕ್ಷಾಯಣಕ್ಕ ತಮಾಷೆ ಮಾಡ್ತಾರೆ," ಎಂದಳು ಸೌದಾಮಿನಿ.

"ತಮಾಷೆ ಅಲ್ಲ ಹೆಣ್ಣೇ. ನಿನ್ನ ಗಂಡನ ಕಾಗದ ಬಂದ ದಿನ ನಾನು ಅದರ ಮೇಲೆ ನೀರು ಕಾಯಿಸ್ತೇನೆ."

ಊಟಕ್ಕೆ ಕೂರಿಸಿದರು. ಗಂಜಿ. ಬೂದುಕುಂಬಳದ ಪಳದ್ಯ, ಮೆಣಸಿಲ್ಲದ ಮಜ್ಜಿಗೆಹುಳಿ. ಒಂದೆಲಗದ ತಂಬುಳಿ. ಬಾಳೆದಿಂಡಿನ ಪಲ್ಯ. ಕೊನೆಗೆ ಮಜ್ಜಿಗೆ, ಅದಕ್ಕೆ ಉಪ್ಪೂ ಇಲ್ಲ. ಲೋಕದಲ್ಲಿರುವ ತಂಪೆಲ್ಲ ಆ ಎಲೆಯ ಮೇಲಿತ್ತು. ಎರಡು ವರ್ಷದ ಅಂಚೆಯಲ್ಲಿ ಬಂದದ್ದೆಲ್ಲ ಒಟ್ಟಿಗೆ ಬೇಯಿಸಿ ಬಡಿಸಿದ ಹಾಗೆ. ಸೌದಾಮಿನಿ ಎದುರಿಗೆ ಕೂತು, ಒಂದೊಂದು ತುತ್ತು ಒಳಗೆ ಹೋಗುವುದನ್ನೂ ನೋಡಿದಳು.

"ಇನ್ನು ಸ್ವಲ್ಪ ತಂಬುಳಿ?"

"ಸಾಕು."

"ಒಳ್ಳೆಯದು ಅದು."

"ಗೊತ್ತುಂಟು."

ಬೆಳಗಿನಿಂದ ಕಟ್ಟಿದ ಕೋಟೆಯೊಳಗೆ ತಣ್ಣೀರು ನುಗ್ಗುವುದು ಅವನಿಗೆ ಕೇಳಿಸಿತು. ಕೈತೊಳೆಯುವ ನೆಪದಲ್ಲಿ ಅಡಿಗೆಯ ಮೂಲೆಗೆ ಹೋದ. ಹಲಗೆಯ ಮೇಲೆ ಭರಣಿ ಇತ್ತು. ಮುಚ್ಚಳ ತೆಗೆದು ಮೂರು ಬೆರಳು ಇಳಿಸಿದ. ನಿಂಬೆ. ಬಾಯಿಗಿಟ್ಟ.

"ಉಪ್ಪಿನಕಾಯಿಯಾ?" ಹಿಂದಿನಿಂದ ದಾಕ್ಷಾಯಣಿಯ ದನಿ.

ಅವನು ಅಗಿಯುವುದನ್ನು ನಿಲ್ಲಿಸಿದ. "ಇಲ್ಲ. ಸುಮ್ಮನೆ, ನೋಡಿದ್ದು."

"ನೋಡಿ, ನೋಡಿ. ಬಾಯಲ್ಲಿ ನೋಡಿದರೇ ಸರಿ ಕಾಣುವುದು." ಅವಳು ನಗಲಿಲ್ಲ. ಸೌದಾಮಿನಿ ಹೊರಗಿದ್ದಾಳೆಂದು ಖಚಿತ ಮಾಡಿಕೊಂಡು ದನಿ ತಗ್ಗಿಸಿದಳು. "ಅವಳಿಗೆ ಒಂದು ವಾರದಿಂದ ನಿದ್ದೆ ಇಲ್ಲ."

"ನನ್ನ ಕಾಯಿಲೆ ಯೋಚಿಸಿಯಾ?"

"ಅದೂ ಇರಬಹುದು," ಎಂದಳು ದಾಕ್ಷಾಯಣಿ. ಭರಣಿಯ ಮುಚ್ಚಳ ಹಾಕಿ, ಮೇಲಿನ ಹಲಗೆಗೆ ಇಟ್ಟಳು.

ಒಳಕೋಣೆಯಲ್ಲಿ ಕಿಟಕಿಗೆ ತಾಗಿ ಒಂದು ಮೇಜು. ಮೇಜಿನ ತುಂಬ ಕರಡಿನ ಉದ್ದ ಹಾಳೆಗಳು. ಮೇಲೆ ಹಾರದಂತೆ ಹೊಳೆಯ ಕಲ್ಲು. ಅವನು ಬಗ್ಗಿ ನೋಡಿದ. ಅಚ್ಚಿನ ಸಾಲುಗಳ ಪಕ್ಕದಲ್ಲಿ ಕೆಂಪು ಗುರುತುಗಳು. ಅಂಚಿನಲ್ಲಿ ಅವಳ ಅಕ್ಷರ. ಪತ್ರದಲ್ಲಿ ಬರುವ ಅಕ್ಷರವಲ್ಲ. ಇದು ವೇಗವಾಗಿತ್ತು, ಮುಂದಕ್ಕೆ ಬಾಗಿತ್ತು, ಎಲ್ಲಿಗೋ ಹೊರಟಂತಿತ್ತು. 'ಈ ವಾಕ್ಯ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ' ಎಂದು ಒಂದು ಕಡೆ. 'ಅಯ್ಯೋ!' ಎಂದು ಇನ್ನೊಂದು ಕಡೆ. ಎರಡು ವರ್ಷದ ಪತ್ರಗಳಲ್ಲಿ ಅವಳು ಒಂದು ಸಲವೂ 'ಅಯ್ಯೋ' ಎಂದಿರಲಿಲ್ಲ.

"ಮೂರನೇ ತರಗತಿಯದ್ದು ಮುಗಿಯಿತು," ಬಾಗಿಲಲ್ಲಿ ನಿಂತು ಹೇಳಿದಳು. "ನಾಲ್ಕನೇದ್ದು ಫೆಬ್ರುವರಿಗೆ ಅಚ್ಚಿಗೆ."

"ಯಾರು ತಿದ್ದುವುದು ಅದನ್ನು?"

"ಯಾರಾದರೂ ತಿದ್ದುತ್ತಾರೆ."

"ಎರ್ನಾಕುಲಂನಲ್ಲಿ ನಿನಗೆ ಎಂತ ಕೆಲಸ?"

"ಟಪಾಲು ವಿಭಾಗ. ಬಂದ ಕಾಗದಕ್ಕೆ ನಂಬ್ರ ಹಾಕುವುದು."

ಮೇಜಿನ ಬದಿಯಲ್ಲಿ ವರ್ಗದ ಅರ್ಜಿ ಇತ್ತು. ಟೈಪು ಮಾಡಿ, ನಾಲ್ಕು ಮಡಿಕೆಯಾಗಿ. ಅವನು ಬಿಡಿಸಿ ನೋಡಿದ.

"ಸಹಿ ಹಾಕಲಿಲ್ಲ ನೀನು."

"ಸರ್ಟಿಫಿಕೇಟು ಸಿಕ್ಕಿದ ಮೇಲೆ ಹಾಕಿದರಾಯಿತು ಅಂತ." ಅವಳು ಹಾಳೆಗಳ ಮೇಲಿನ ಕಲ್ಲನ್ನು ಒಂದು ಅಂಗುಲ ಆಚೆಗೆ ಸರಿಸಿದಳು, ಮತ್ತೆ ಮೊದಲಿನ ಜಾಗಕ್ಕೆ ಸರಿಸಿದಳು. "ಹೊರಡುವ. ಮೂರು ಗಂಟೆಗೆ ಅಲ್ಲಿರಬೇಕು."

*

ಪಾಳಯಂನಲ್ಲಿ ಡಾಕ್ಟರ್ ಈಪ್ಪನ್ನರ ಮನೆಯ ಜಗಲಿ. ಡಾಕ್ಟರು ದಪ್ಪ ಮನುಷ್ಯ, ನಿದ್ದೆಯಿಂದ ಎದ್ದು ಬಂದಿದ್ದರು. ಮೇಜಿನ ಮೇಲೆ ಸರ್ಟಿಫಿಕೇಟಿನ ಪುಸ್ತಕ ತೆರೆದೇ ಇತ್ತು. ಪೆನ್ನಿನ ಮುಚ್ಚಳವೂ ತೆಗೆದಿತ್ತು. ಎರಡು ಸಾಲು ಗೀಚಿ ಕೊಡುವುದಕ್ಕೆ ಈ ಮನುಷ್ಯನಿಗೆ ಯಾವ ತಕರಾರೂ ಇಲ್ಲವೆಂದು ಕಮಲಾಕ್ಷನಿಗೆ ಒಂದೇ ನೋಟಕ್ಕೆ ತಿಳಿಯಿತು.

"ಎಷ್ಟು ದಿನದಿಂದ?" ಇಂಗ್ಲಿಷಿನಲ್ಲಿ ಕೇಳಿದರು.

ಕಮಲಾಕ್ಷ ಶುರು ಮಾಡಿದ. ಕೋರ್ಟಿನಲ್ಲಿ ಒಂದು ದಿನವೂ ಬಳಸಲಾಗದ ಇಂಗ್ಲಿಷೆಲ್ಲ ಹೊರಗೆ ಬಂತು. ಉರಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಏರುತ್ತದೆ, ಗಂಟಲಿನಲ್ಲಿ ಹೇಗೆ ಹೆಡೆ ಬಿಚ್ಚುತ್ತದೆ. ರಾತ್ರಿ ಎದ್ದು ಕೂರುವುದು. ಬೆಳಗಾಗುವವರೆಗೆ ಗೋಡೆ ಎಣಿಸುವುದು. ಒಂಟಿ ಕೋಣೆಯಲ್ಲಿ ಒಂದು ಲೋಟ ನೀರು ಕೊಡುವವರಿಲ್ಲ. ಹೇಳುತ್ತ ಹೇಳುತ್ತ ಅವನಿಗೆ ತನ್ನ ಮೇಲೆ ತಾನೇ ಕನಿಕರ ಬಂತು. ಒಂಟಿ ಕೋಣೆ ಎಂದದ್ದು ಸುಳ್ಳು, ದಾಮೋದರನಿದ್ದ. ಆದರೆ ಹೇಳಿದ್ದರಲ್ಲಿ ಅದೊಂದೇ ನಿಜವೆನ್ನಿಸಿತು.

ಡಾಕ್ಟರು ಮಲಗಿಸಿ ಹೊಟ್ಟೆ ಒತ್ತಿದರು.

"ಇಲ್ಲಿ ನೋವಿದೆಯೇ?"

"ಇದೆ."

"ಇಲ್ಲಿ?"

"ಅಲ್ಲೂ."

"ಇಲ್ಲಿ?"

"ವಿಪರೀತ!"

"ಅದು ನಿಮ್ಮ ಹೊಕ್ಕುಳು," ಎಂದರು ಡಾಕ್ಟರು. ಕೈ ಒರೆಸಿಕೊಂಡು ಮೇಜಿಗೆ ಮರಳಿದರು. "ಸರಿ. ಬರೆದು ಕೊಡೋಣ. ಇಷ್ಟು ದಿನ ಏನು ಮದ್ದು ಮಾಡಿದಿರಿ?"

ಪ್ರಶ್ನೆ ಸೌದಾಮಿನಿಗೆ. ಅವಳು ಮಲಯಾಳದಲ್ಲಿ ಒಂದೊಂದಾಗಿ ಹೇಳಿದಳು. ತಡವರಿಸದೆ, ತಾರೀಖಿನ ಸಮೇತ. ಡಾಕ್ಟರು ತಲೆದೂಗುತ್ತ ಕೇಳಿದರು.

"ಯಾವುದರಿಂದಲೂ ಕೇಡಿಲ್ಲ. ಕೆಲವು ಒಳ್ಳೆಯವೇ. ಯಾವುದಾದರೂ ಹಿಡಿಯಿತೇ?"

"ಇಲ್ಲ," ಎಂದ ಕಮಲಾಕ್ಷ.

"ಇಟ್ಟಿಗೆ," ಎಂದಳು ಸೌದಾಮಿನಿ.

ಪೆನ್ನು ಕಾಗದದ ಮೇಲೆ ನಿಂತಿತು.

"ಏನು?"

"ಮಂಚದ ತಲೆದಿಕ್ಕಿಗೆ ಎರಡು ಇಟ್ಟಿಗೆ ಇಡಲು ಬರೆದಿದ್ದೆ. ಆಗಸ್ಟಿನಲ್ಲಿ. ಅದರ ನಂತರ ಉರಿ ಇಲ್ಲ."

ಅವಳು ನೆಲ ನೋಡುತ್ತಿದ್ದಳು. ದನಿಯಲ್ಲಿ ಕೋಪವಿರಲಿಲ್ಲ. ಏನೂ ಇರಲಿಲ್ಲ. ಇದ್ದದ್ದು ಇದ್ದ ಹಾಗೆ. ಒಂದು ಪದ ಹೆಚ್ಚಲ್ಲ, ಒಂದು ಪದ ಕಡಿಮೆಯಲ್ಲ.

ಡಾಕ್ಟರು ಅವನ ಕಡೆ ತಿರುಗಿದರು. "ಹೌದೇ?"

ಅಲ್ಲ ಎನ್ನಬಹುದಿತ್ತು. ಒಂದು ಪದ. ಡಾಕ್ಟರು ಗಂಡಸಿನ ಮಾತನ್ನೇ ನಂಬುತ್ತಿದ್ದರು, ಬರೆದೂ ಕೊಡುತ್ತಿದ್ದರು. ಸೋಮವಾರ ಅರ್ಜಿ ಹೋಗುತ್ತಿತ್ತು. ಅವನು ಬಾಯಿ ತೆರೆದ. ಅವಳ ಕೈ ಕಾಣಿಸಿತು. ಸೆರಗಿನ ತುದಿಯನ್ನು ಕೆಂಪು ಮಸಿಯ ಬೆರಳಿಗೆ ಸುತ್ತಿ ಸುತ್ತಿ, ರಕ್ತ ನಿಲ್ಲುವಷ್ಟು ಬಿಗಿಯಾಗಿ ಕಟ್ಟಿದ್ದಳು.

"ಸ್ವಲ್ಪ... ಕಡಿಮೆ," ಎಂದ.

ಡಾಕ್ಟರು ಹೊಟ್ಟೆ ಕುಲುಕಿಸಿ ನಕ್ಕರು. ಪೆನ್ನಿಗೆ ಮುಚ್ಚಳ ಹಾಕಿದರು. "ಭಾಗ್ಯವಂತರು ನೀವು. ನಿಮ್ಮ ಹೆಂಡತಿ ನನಗಿಂತ ಒಳ್ಳೆಯ ಡಾಕ್ಟರು. ಇಟ್ಟಿಗೆ ತೆಗೆಯಬೇಡಿ." ಜಗಲಿಯ ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟರು. ಆರೋಗ್ಯವಂತನಿಂದ ಫೀಸು ಬೇಡವೆಂದರು.

*

ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದರು. ಒಂದು ಕೊಡೆ, ಇಬ್ಬರ ನಡುವೆ ಇನ್ನೊಬ್ಬ ನಡೆಯುವಷ್ಟು ಜಾಗ.

"ದಾಮೋದರ ಬರೆದನಾ ನಿನಗೆ?"

"ಯಾವ ದಾಮೋದರ?"

"ಮತ್ತೆ ಹೇಗೆ ಗೊತ್ತಾದದ್ದು?"

"ಉರಿ ಇದ್ದಾಗ ನಿಮ್ಮ ಅಕ್ಷರ ಸಾಲು ಬಿಟ್ಟು ಓಡ್ತದೆ. ಕೊಂಬು ಬಿಟ್ಟು ಹೋಗ್ತದೆ, ಒತ್ತು ಬಿಟ್ಟು ಹೋಗ್ತದೆ. ಸೆಪ್ಟೆಂಬರಿನಿಂದ ಅಚ್ಚು ಹೊಡೆದ ಹಾಗೆ ಉಂಟು. ಒಂದು ತಪ್ಪಿಲ್ಲ. ಸುಳ್ಳು ಬರೆಯುವಾಗ ನಿಮ್ಮ ಅಕ್ಷರ ಚಂದ ಆಗ್ತದೆ."

ಒಂದು ಕೈಗಾಡಿ ಅಡ್ಡ ಬಂತು. ಇಬ್ಬರೂ ಎರಡು ಬದಿಗೆ ಸರಿದು, ಅದು ಹೋದ ಮೇಲೆ ಮತ್ತೆ ಕೂಡಿದರು.

"ಗೊತ್ತಿದ್ದೂ ಮದ್ದು ಬರೀತಾ ಇದ್ದಿಯಲ್ಲ."

"ನೀವು ಉರಿ ಅಂತ ಬರೀತಾ ಇದ್ದಿರಲ್ಲ."

"ಗೊತ್ತಿದ್ದೂ ಇಲ್ಲಿಯವರೆಗೆ ಕರೆಸಿದಿಯಲ್ಲ."

ಅವಳು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಡಾಕ್ಟರು ಒಂದು ಹೇಳಿಬಿಟ್ಟರೆ ಆಯಿತು ಅಂತ."

"ಎಂತ ಆಯಿತು?"

"ಬಿಸಿಲು ಎಷ್ಟುಂಟು ನೋಡಿ. ಡಿಸೆಂಬರ್ ಅಂತ ಹೇಳುವ ಹಾಗಿಲ್ಲ."

ಆಗ ಅವನಿಗೆ ಪೂರ್ತಿ ತಿಳಿಯಿತು. ಬರುವುದಿಲ್ಲ ಎನ್ನುವುದನ್ನು ಅವಳು ಅವನಿಗೆ ಹೇಳಲಾರಳು. ಊರಿಗೆ, ಅತ್ತೆಗೆ, ತನಗೆ ತಾನೇ ಹೇಳಿಕೊಳ್ಳಲಾರಳು. ಅದಕ್ಕೆ ಸರಕಾರದ ಮೊಹರಿನ ಒಂದು ಬಾಯಿ ಬೇಕಿತ್ತು. ಅವನು ಕಾಯಿಲೆಯ ಸರ್ಟಿಫಿಕೇಟಿಗೆ ಬಂದಿದ್ದ. ಅವಳು ಆರೋಗ್ಯದ ಸರ್ಟಿಫಿಕೇಟಿಗೆ ಕರೆಸಿದ್ದಳು. ಆದರೆ ಕೊನೆಯ ಗಳಿಗೆಯಲ್ಲಿ ಡಾಕ್ಟರು ಕೈಕೊಟ್ಟರು. ಬರೆಯಲು ಹೊರಟೇಬಿಟ್ಟರು. ಮಾತು ಅವಳೇ ಆಡಬೇಕಾಯಿತು.

"ನಿನಗೆ ಬರಲಿಕ್ಕೆ ಮನಸ್ಸಿಲ್ಲವಾ?" ಕೇಳಿಯೇಬಿಟ್ಟ. ಮದುವೆಯಾದ ಐದು ವರ್ಷದಲ್ಲಿ ಅವನು ಕೇಳಿದ ಅತ್ಯಂತ ನೇರವಾದ ವಾಕ್ಯ.

ಅವಳು ರಸ್ತೆಯ ಬದಿಯ ನೆರಳಿಗೆ ಸರಿದಳು.

"ನಾಲ್ಕನೇ ತರಗತಿಯಲ್ಲಿ ಒಂದು ಪಾಠ ನಾನು ಬರೆದದ್ದು ಉಂಟು," ಎಂದಳು. "ಹೆಸರು ಹಾಕುವುದಿಲ್ಲ."

"ಎಂತದರ ಬಗ್ಗೆ?"

"ಕಡವಿನ ಬಗ್ಗೆ. ದೋಣಿಗೆ ಕಾಯುವವರ ಬಗ್ಗೆ."

"ದೋಣಿ ಬರ್ತದಾ?"

"ಪಾಠದಲ್ಲಿ ಅದು ಇಲ್ಲ."

ಎರ್ನಾಕುಲಂ ಬಸ್ಸು ನಾಲ್ಕೂವರೆಗೆ ಹೊರಡುವುದು. ಅವನಿಗೆ ಕಿಟಕಿಯ ಸೀಟು ಸಿಕ್ಕಿತು. ಅವಳು ಚೀಲದಿಂದ ಒಂದು ಬಾಟಲಿ ತೆಗೆದು ಕಿಟಕಿಯ ಸರಳಿನ ಎಡೆಯಿಂದ ಕೊಟ್ಟಳು. ಜೀರಿಗೆ ನೀರು. ಇನ್ನೂ ಬೆಚ್ಚಗಿತ್ತು.

"ದಾರಿಗೆ," ಎಂದಳು.

ಆಗ ಅದು ಬಂತು.

ಹೊಟ್ಟೆಯ ತಳದಲ್ಲಿ ಏನೋ ಮಗುಚಿತು. ಎದ್ದಿತು. ಎದೆಯೆಲುಬಿನ ಹಿಂದಿನಿಂದ ಏರಿ ಗಂಟಲಿಗೆ ಬಂದು ನಿಂತಿತು. ಹಡಗು ನೆನಪಾಗಲಿಲ್ಲ, ಮಸಿಕುಡಿಕೆ ನೆನಪಾಗಲಿಲ್ಲ. ಯಾವ ಮಾತೂ ಒದಗಲಿಲ್ಲ. ಉರಿಯಿತು, ಅಷ್ಟೇ. ಕಣ್ಣಲ್ಲಿ ನೀರು ತುಂಬಿತು.

"ಮುಖ ಎಂತ ಹಾಗೆ?" ಎಂದಳು ಸೌದಾಮಿನಿ.

"ಏನಿಲ್ಲ."

"ಏನಿಲ್ಲವಾ?"

"ಏನಿಲ್ಲ."

ಅವಳು ನಂಬಿದಳು. ಅವಳ ಮುಖ ಹಗುರವಾಯಿತು. "ಗುರುವಾರ ಬರೀತೇನೆ," ಎಂದಳು.

"ಎಂತದು ಬರೀತಿ?"

ಅದು ಅವಳು ಯೋಚಿಸಿರದ ಪ್ರಶ್ನೆ. ಅವಳು ನಿಜವಾಗಿಯೂ ಯೋಚಿಸತೊಡಗಿದಳು. ಹುಬ್ಬು ಕೂಡಿತು, ತುಟಿ ಸ್ವಲ್ಪ ತೆರೆಯಿತು. ಅಷ್ಟರಲ್ಲಿ ಬಸ್ಸು ಹೊರಟಿತು.

*

ಕೊಲ್ಲಂ ಮುಟ್ಟಲು ಎರಡು ಮೈಲಿ ಇರುವಾಗ ಇಂಜಿನ್ನು ಕುದಿದು ನಿಂತಿತು. ಡ್ರೈವರು ಬಾನೆಟ್ಟು ಎತ್ತಿದ. ಆವಿ ಎಷ್ಟು ಎದ್ದಿತೆಂದರೆ ಇಡೀ ಬಸ್ಸೇ ಮಾಯವಾಯಿತು. ಕಂಡಕ್ಟರು ನೀರು, ನೀರು ಎಂದು ಕೂಗುತ್ತ ಸಾಲುಸಾಲಿಗೆ ಬಂದ. ಕಮಲಾಕ್ಷ ಬಾಟಲಿ ಚಾಚಿದ. ಡ್ರೈವರು ಮೂಸಿ ನೋಡಿ, ಅವನ ಮುಖ ನೋಡಿ, ಜೀರಿಗೆ ಸಮೇತ ರೇಡಿಯೇಟರಿಗೆ ಸುರಿದ.

ಸಾಕಾಗಲಿಲ್ಲ. ಇನ್ನೂ ತರಬೇಕೆಂದು ಕಂಡಕ್ಟರು ಬಿಂದಿಗೆ ಹಿಡಿದು ಹೋದ. ಜನ ಇಳಿದರು. ಕಮಲಾಕ್ಷನೂ ಎದೆ ಹಿಡಿದುಕೊಂಡು ಇಳಿದ. ಯಾರೂ ಏನೆಂದು ಕೇಳಲಿಲ್ಲ.

ರಸ್ತೆಯ ಆಚೆ ಕಾಯಲಿನ ಹಿನ್ನೀರು. ದಡದಲ್ಲಿ ಒಂದು ಸುಣ್ಣದ ಭಟ್ಟಿ. ನೀರಿನ ಅಡಿಯಿಂದ ಬಾಚಿ ತಂದ ಚಿಪ್ಪುಗಳನ್ನು ಸುಟ್ಟು ಹೊರಗೆ ರಾಶಿ ಹಾಕಿದ್ದರು. ಹೊತ್ತು ಮುಳುಗುತ್ತಿತ್ತು. ಒಬ್ಬ ಹೆಂಗಸು ಸೊಂಟಕ್ಕೆ ತೆಳುವಸ್ತ್ರದ ತೋರ್ತು ಬಿಗಿದು, ಮಡಕೆಯಿಂದ ರಾಶಿಯ ಒಂದು ಬದಿಗೆ ನೀರು ಎರೆಯುತ್ತಿದ್ದಳು. ನೀರು ಬಿದ್ದಲ್ಲಿ ಚಿಪ್ಪುಗಳು ಬುಸ್ಸೆಂದು ಉಬ್ಬಿ, ಬಿರಿದು, ಹುಡಿಯಾಗಿ ಕುಸಿಯುತ್ತಿದ್ದವು.

ನೀರು ಬೀಳದ ಬದಿಯಲ್ಲಿ ಅವು ಹಾಗೆಯೇ ಇದ್ದವು. ಅವನು ಬಗ್ಗಿ ಒಂದನ್ನು ಎತ್ತಿಕೊಂಡ. ಬೆಳ್ಳಗೆ. ಅಂಚು ಮುರಿದಿರಲಿಲ್ಲ, ಬೆನ್ನಿನ ಮೇಲಿನ ಗೆರೆಗಳು ಒಂದೂ ಅಳಿಸಿರಲಿಲ್ಲ. ಕೈಯಲ್ಲಿದೆ ಎಂದು ಗೊತ್ತಾಗದಷ್ಟು ಹಗುರ.

"ಅದು ಕೈಯಲ್ಲಿ ಹಿಡಿಯಬೇಡಿ ಸಾರೇ," ಹೆಂಗಸು ಮಲಯಾಳದಲ್ಲಿ ಕೂಗಿದಳು. "ಬೆವರು ತಾಗಿದರೆ ಸುಡುತ್ತದೆ!"

ಬಸ್ಸು ಹಾರ್ನು ಹೊಡೆಯಿತು. ಅವನು ಅವಳಿಗೆ ತಲೆಯಾಡಿಸಿ, ಮುಷ್ಟಿ ಮುಚ್ಚಿ, ಹತ್ತಿ ಕೂತ. ಅಂಗೈ ಬೆವರುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಷ್ಟಿಯೊಳಗೆ ಅದು ನಿಧಾನವಾಗಿ ಬೆಚ್ಚಗಾಗತೊಡಗಿತು.